ಏಳನೇ ಗ್ರಹದಲ್ಲಿ ಸಂಪಾಜೆಯ ಸ್ವರ

ಪಕ್ಕದ ಮನೆಯ ಬೊಳ್ಳಮ್ಮನ ಮಗಳು ಮೋಕ್ಷಿತಾ ಬೇಲಿಯಾಚೆಯಿಂದ ಕೂಗಿದಾಗ ಸರೋಜ ಕಾವಲಿಯ ಮೇಲಿನ ಅಕ್ಕಿರೊಟ್ಟಿಯೊಂದಿಗೆ ಮಾತಾಡುತ್ತಿದ್ದಳು. ಗಂಡ ಕುಶಾಲಪ್ಪ ಎದುರಲ್ಲೇ ಪೇಪರ್ ಓದುತ್ತಿದ್ದ. ಇಪ್ಪತ್ತೆರಡು ವರ್ಷದಿಂದ ಅವನ ಉತ್ತರ ಒಂದೇ, "ಹ್ಞೂಂ". ರೊಟ್ಟಿಯಾದರೂ ಉಬ್ಬುತ್ತಿತ್ತು.

"ಸರೋಜಕ್ಕ, ಬಾಹ್ಯಾಕಾಶದ ಗೇಮ್‌ಲಿ ನಮ್ಮ ಅರೆಭಾಷೆ ಉಟ್ಟು! ಏಳನೇ ಗ್ರಹಲಿ ಒಂದು ಹಾಳು ರೇಡಿಯೋ. ಒಂಬತ್ತು ಸಲ ಬಟನ್ ಒತ್ತಿರೆ ಒಂದು ಹೆಂಗ್ಸಿನ ಸ್ವರ ಉಟ್ಟು ಗಡ. ಗೇಮ್ ಮಾಡಿದವು ಅಡಗಿಸಿಟ್ಟದ್. ಹನ್ನೊಂದಕ್ಕೆ ನಮ್ಮ ಟೀವಿಲಿ ನೋಡುವಾ, ಬನ್ನಿ!"

ರೊಟ್ಟಿ ಸೀದಿತು. ಎರಡು ವರ್ಷದ ಹಿಂದೆ ಪೂವಯ್ಯನವರ ಹೋಂಸ್ಟೇಯಲ್ಲಿ ಅಡಿಗೆಗೆ ಹೋಗುತ್ತಿದ್ದಾಗ, ಗೇಮ್ ಮಾಡುವವನೊಬ್ಬ ಬಂದಿದ್ದ. ಕನ್ನಡದ ಒಂದಕ್ಷರ ಬಾರದವನು. ಮೈಕು ಹಿಡಿದು, ಮಾತಾಡಿ ಎಂದು ಕೈಸನ್ನೆ ಮಾಡಿದ. ಹಾಗೆ ಅವಳನ್ನು ಕೇಳಿದವರು ಅದುವರೆಗೆ ಯಾರಿದ್ದರು? ಸರೋಜ ಒಂದು ಗಂಟೆ ಮಾತಾಡಿದಳು, ಹೆಚ್ಚಿನದೆಲ್ಲ ಪಕ್ಕದ ಮನೆಯ ಬೊಳ್ಳಮ್ಮನ ದೂರು. ಬೊಳ್ಳಮ್ಮ ನನ್ನ ಕೋಳಿಯ ಮೊಟ್ಟೆ ಎಣಿಸುತ್ತಾಳೆ, ಬೊಳ್ಳಮ್ಮ ನನ್ನ ಉಪ್ಪಿನಕಾಯಿಗೆ ಬೂಸ್ಟು ಎನ್ನುತ್ತಾಳೆ...

ಜ್ವರ ಬಂದಾಗ ಗಂಜಿ ತಂದುಕೊಟ್ಟವಳೂ ಅದೇ ಬೊಳ್ಳಮ್ಮ. ಆ ದೂರು ಅವಳ ಕಿವಿಗೆ ಬಿದ್ದರೆ, ಇದ್ದ ಆ ಒಂದು ಮನೆಯ ಬಾಗಿಲೂ ಇವತ್ತು ಮುಚ್ಚಿಹೋಗುತ್ತದಲ್ಲ!

ಹನ್ನೊಂದಕ್ಕೆ ಹೋದರೆ, ಬೊಳ್ಳಮ್ಮ ಮುಖಕ್ಕೆ ಪೌಡರು ಬಳಿದುಕೊಂಡು ಮದುಮಗಳ ಸೋದರತ್ತೆಯಂತೆ ಮುಂದಿನ ಕುರ್ಚಿಯಲ್ಲೇ ಕೂತಿದ್ದಳು. ಸರೋಜ ನೀರು ಕುಡಿಯುವ ನೆವದಲ್ಲಿ ಎದ್ದು ಜಗಲಿಯ ಮೇನ್ ಸ್ವಿಚ್ ಆರಿಸಿದಳು. ಅಡಿಗೆಮನೆಯಲ್ಲಿ ಮಿಕ್ಸಿ ನಿಂತಿತು. ಟೀವಿ ನಿಲ್ಲಲಿಲ್ಲ.

"ಇನ್ವರ್ಟರ್ ಉಟ್ಟು," ಎಂದಳು ಮೋಕ್ಷಿತಾ, ತಿರುಗಿಯೂ ನೋಡದೆ.

ಸ್ವರ ಕೇಳಿಸದಿರಲೆಂದು ಸರೋಜ ಜೋರಾಗಿ ಕೆಮ್ಮತೊಡಗಿದಳು. "ಎಂತ ಕೆಮ್ಮು ಮಾರಾಯ್ತಿ!" ಎಂದು ಬೊಳ್ಳಮ್ಮ ಅವಳ ಬಾಯಿಗೆ ಲವಂಗ ತುರುಕಿದಳು. ಅಷ್ಟರಲ್ಲಿ ಒಂಬತ್ತನೆಯ ಒತ್ತು.

ತಗಡಿನ ಡಬ್ಬದೊಳಗಿಂದ ಬಂದಂತೆ, ಯಾರದೆಂದು ಗುರುತು ಸಿಗದ ಸ್ವರ: "ಮಾತಾಡಿಕೆ ಯಾರೂ ಇಲ್ಲೆ..."

ಅಷ್ಟೇ. ಒಂದು ಗಂಟೆಯ ಮಾತಿನಲ್ಲಿ ಅವನು ಉಳಿಸಿಕೊಂಡದ್ದು ಅಷ್ಟೇ. ಅದನ್ನು ಹೇಳಿದ ನೆನಪೂ ಸರೋಜಳಿಗಿರಲಿಲ್ಲ. ಎದೆ ತುಂಬಿ ಬಂತು. ಅದು ನಾನು ಎನ್ನಲು ಎದ್ದು ನಿಂತಳು. ಪರದೆಯ ಮೇಲೆ ಅಕ್ಷರ ಮೂಡಿತು. ಮೋಕ್ಷಿತಾ ಓದಿದಳು: "ಸ್ವರ, ಬೊಳ್ಳಮ್ಮ, ಸಂಪಾಜೆ!"

ಗಂಟೆಯುದ್ದಕ್ಕೂ ಕೇಳಿದ ಹೆಸರು ಅದೊಂದೇ. ಮಾತಾಡಿದವಳದೇ ಹೆಸರೆಂದು ಆ ಪುಣ್ಯಾತ್ಮ ಬರೆದುಕೊಂಡಿದ್ದ. ಈಗ ಸ್ವರ ನನ್ನದೆಂದರೆ, ಹೆಸರು ಹೇಗೆ ಬಂತೆಂದೂ ಹೇಳಬೇಕು. ಸರೋಜ ಕೂತಳು.

ಬೊಳ್ಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪೌಡರು ಗೆರೆಗೆರೆಯಾಯಿತು. "ಹೋಂಸ್ಟೇಯಿಂದ ಜೇನು ತಕಂಬಕೆ ಬಂದವನತ್ರ ಎಂತದೋ ಮಾತಾಡಿದ್ದೆ. ಇದನ್ನೂ ಹೇಳಿದ್ದೆ ಕಾಣ್ತದೆ. ಸತ್ಯವೇ ಅಲ್ವಾ, ಸರೋಜ?"

ಸರೋಜ ಲವಂಗ ನುಂಗಿದಳು.

ಮನೆಗೆ ಬಂದಾಗ ಸುದ್ದಿ ಅವಳಿಗಿಂತ ಮೊದಲೇ ತಲುಪಿತ್ತು. ಕುಶಾಲಪ್ಪ ಪೇಪರ್ ಮಡಚಿಟ್ಟು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ತಾನಾಗಿ ಬಾಯಿಬಿಟ್ಟ.

"ಪಾಪ, ಬೊಳ್ಳಮ್ಮಂಗೆ ಮಾತಾಡಿಕೆ ಯಾರೂ ಇಲ್ಲೆ ಗಡ."

"ಹ್ಞೂಂ," ಎಂದಳು ಸರೋಜ.