ಮೊದಲು ತೊಟ್ಟಿಲ ಕೊಕ್ಕೆ

ಮನೆ ಮೊದಲೋ ಮಗು ಮೊದಲೋ ಅಂತ ನಮ್ಮಿಬ್ಬರ ಮಧ್ಯೆ ಒಂದು ದಿನವೂ ಜಗಳ ಆಗಿಲ್ಲ. ಜಗಳ ಆಗಿದ್ದೆಲ್ಲ ಬೇರೆಯವರ ಮಧ್ಯೆ. ನಮ್ಮೆಜಮಾನ್ರು ವಸಂತನರಸಾಪುರದ ಫ್ಯಾಕ್ಟರೀಲಿ ಸೂಪರ್‌ವೈಸರ್, ನಾನು ಗುಬ್ಬೀಲಿ ಪ್ರೈವೇಟ್ ಸ್ಕೂಲ್ ಟೀಚರ್. ಮದುವೆಯಾದ ಹೊಸದರಲ್ಲೇ ಕೂತು ಮಾತಾಡಿ, "ಮೊದ್ಲು ಸ್ವಂತ ಮನೆ, ಆಮೇಲೆ ಮಗು" ಅಂತ ತೀರ್ಮಾನ ಮಾಡಿದ್ವಿ. ನಾವಿಬ್ಬರೇ ಮಾಡಿದ ತೀರ್ಮಾನ ಅದೊಂದೇ. ಅಲ್ಲಿಂದಾಚೆಗೆ ತುಮಕೂರಲ್ಲಿ ಯಾರ ಮುಂದೆ ನಿಂತರೂ ಅವರದೊಂದು ಮಾತು ಸೇರಿಸದೆ ಕಳಿಸ್ಲಿಲ್ಲ. ಇಂಥದ್ದೆಲ್ಲ ನಮಗೇ ಯಾಕೆ ಆಗುತ್ತೆ ಅಂತ ಕೇಳೋದನ್ನ ನಾನು ಬಿಟ್ಟು ಬಹಳ ದಿನ ಆಯ್ತು.

ಆಂಟಿ ರೂಲ್ಸು

ಬಾಡಿಗೆಗೆ ಮಹಡಿ ಮನೆ ಕೇಳೋಕೆ ಹೋದಾಗ ಓನರ್ ಆಂಟಿ ನಮ್ಮ ಹೆಸರೂ ಕೇಳ್ಲಿಲ್ಲ.

"ಮಕ್ಳಿದಾವಾ?"

"ಇಲ್ಲ ಆಂಟಿ, ಈಗ ತಾನೆ ಮದುವೆ ಆಗಿದೆ."

"ಬಹಳ ಒಳ್ಳೇದಾಯ್ತು ಕಣಮ್ಮ. ಮಕ್ಳಿರೋರಿಗೆ ನಾನು ಮನೆ ಕೊಡಲ್ಲ. ಗೋಡೆ ತುಂಬ ಗೀಚ್ತವೆ, ನನ್ನ ತಲೆ ಮೇಲೆ ಧಡಧಡ ಓಡ್ತವೆ" ಅಂತ ಬೀಗದ ಕೈ ಕೊಟ್ಟರು.

ಎರಡು ವರ್ಷ ಆದ್ಮೇಲೆ ಅದೇ ಆಂಟಿ ಮೆಟ್ಟಿಲ ಹತ್ರ ನನ್ನ ಕೈ ಹಿಡ್ಕೊಂಡು ನಿಲ್ಲಿಸಿದ್ರು. "ಏನಮ್ಮಾ, ಇನ್ನೂ ಏನೂ ವಿಶೇಷ ಇಲ್ವಾ? ನಂಗೆ ಗೊತ್ತಿರೋ ಲೇಡಿ ಡಾಕ್ಟ್ರು ಒಬ್ರಿದಾರೆ, ಒಂದ್ಸಲ ತೋರ್ಸು." ಕಣ್ಣಲ್ಲಿ ನಿಜವಾಗ್ಲೂ ನೀರಿತ್ತು.

"ಆಂಟಿ, ಮಗು ಆದ್ರೆ ನೀವು ಮನೆ ಖಾಲಿ ಮಾಡಿಸ್ತೀರಲ್ಲ?"

"ಮಾಡಿಸ್ದೆ ಇರ್ತೀನಾ? ಅದು ಮನೆ ವಿಷಯ. ಹಂಗಂತ ನಿನ್ನ ಮೇಲೆ ನಂಗೆ ಪ್ರೀತಿ ಇಲ್ಲ ಅನ್ಕೊಂಡ್ಯಾ?"

ಪಾರ್ಕಲ್ಲಿ ರಾಗಿ

ಸೈಟು ತೋರಿಸ್ತೀನಿ ಅಂತ ಬ್ರೋಕರ್ ಒಬ್ಬ ಕರ್ಕೊಂಡು ಹೋದ. "ಸಿಟಿ ಒಳಗೇ ಮೇಡಂ" ಅಂದಿದ್ದ. ಅಂತರಸನಹಳ್ಳಿ ದಾಟ್ತು, ಇನ್ನೂ ಹೋಗ್ತಾನೇ ಇದ್ವಿ. ನಮ್ಮೆಜಮಾನ್ರು, "ಇನ್ನೊಂದ್ ಸ್ವಲ್ಪ ಹೋದ್ರೆ ಸಿರಾ ಬಸ್‌ಸ್ಟ್ಯಾಂಡೇ ಸಿಗುತ್ತೆ ಕಣಯ್ಯ" ಅಂತ ಗೊಣಗಿದ್ರು.

ಲೇಔಟಲ್ಲಿ 'ಮಕ್ಕಳ ಉದ್ಯಾನವನ' ಅಂತ ದೊಡ್ಡ ಬೋರ್ಡು. ಬೋರ್ಡಿನ ಹಿಂದೆ ಸೊಂಪಾಗಿ ಬೆಳೆದ ರಾಗಿ ಹೊಲ. ಬ್ರೋಕರ್ ರಾಗಿ ಪೈರಿನ ಕಡೆ ಕೈ ತೋರಿಸಿ, "ಇಲ್ಲಿ ಜಾರುಬಂಡೆ ಬರುತ್ತೆ, ಅಲ್ಲಿ ಉಯ್ಯಾಲೆ" ಅಂದ.

"ಯಾವಾಗ ಬರುತ್ತೆ?"

"ನಿಮಗೆ ಮಕ್ಳಿದಾರಾ ಸಾರ್?"

"ಇಲ್ಲ."

"ಮತ್ತೆ ಏನವಸರ? ನಿಮ್ಮ ಮಗು ಓಡಾಡೋ ಹೊತ್ಗೆ ಬಂದಿರುತ್ತೆ ಬಿಡಿ."

ಅವನು ಫೋನ್ ಬಂತು ಅಂತ ಅತ್ತ ಹೋದ. ಹೊಲದಲ್ಲಿ ಕಳೆ ಕೀಳ್ತಿದ್ದ ಹೆಂಗಸನ್ನ ನಾನೇ ಕೇಳಿದೆ, "ಯಾಕವ್ವ, ಇಲ್ಲಿ ಪಾರ್ಕ್ ಆಗುತ್ತಂತಾ?"

ಆಯಮ್ಮ ಸೊಂಟ ನೆಟ್ಟಗೆ ಮಾಡ್ಕೊಂಡು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದ್ಲು. "ಆಯ್ತದೆ ಬುಡವ್ವ. ಹೋದ್ಸಲ ಇವ್ನು ಕರ್ಕೊಂಬಂದಿದ್ದ ಗಂಡ ಹೆಂಡ್ರಿಗೂ ಹಿಂಗೇ ಹೇಳಿದ್ದ. ಆಮೇಕೆ ಅವ್ರಿಗೆ ಹುಟ್ಟಿದ ಹುಡ್ಗ ಈಗ ಸೈಕಲ್ ತುಳೀತಾವ್ನೆ."

ಇಷ್ಟೆಲ್ಲ ಕೇಳಿದ ಮೇಲೂ ನಾವು ಅಲ್ಲೇ ಸೈಟ್ ತಗೊಂಡ್ವಿ. ನಮ್ಮ ಕೈಗೆ ಎಟುಕೋದು ಅದೊಂದೇ ಇತ್ತು.

ಎರಡು ಕೊಕ್ಕೆ

ಮನೆ ಕೆಲಸ ಛಾವಣಿಗೆ ಬಂತು. ಮೋಲ್ಡ್ ಹಾಕೋ ದಿನ ಪೂಜೆಗೆ ಅಂತ ಹಾಗಲವಾಡಿಯಿಂದ ಅತ್ತೆ, ಕುಣಿಗಲ್‌ನಿಂದ ಅಮ್ಮ, ಇಬ್ಬರೂ ಬಂದಿದ್ರು. ಕಾಂಕ್ರೀಟ್ ಕಲಸೋ ಮಿಷನ್ ತಿರುಗ್ತಾ ಇದೆ, ಮೇಸ್ತ್ರಿ ಮೇಲಿಂದ ಕೂಗಿದ: "ಸಾ, ತೊಟ್ಲು ಕೊಕ್ಕೆ ಎಲ್ಲಿ ಬುಡ್ಲಿ?"

ನಮ್ಮೆಜಮಾನ್ರ ಮುಖ ಕೆಂಪಾಯ್ತು. "ಅದೆಲ್ಲ ಈಗ್ಲೇ ಯಾಕಪ್ಪ?"

"ಈಗ್ಲೇ ಕಂಬಿಗೆ ಕಟ್ಬೇಕು ಸಾ. ಮಗ ಹುಟ್ಟಿದ್ಮ್ಯಾಲೆ ಮೋಲ್ಡ್ ಒಡೆಯಕಾಯ್ತದಾ?"

"ಹಾಲಲ್ಲಿ ಬಿಡಪ್ಪ. ನಾನು ಟಿವಿ ನೋಡ್ಕೊಂಡೇ ತೂಗ್ತೀನಿ" ಅಂದ್ರು ಅತ್ತೆ.

"ಹಾಲಲ್ಲಿ ಬೇಡಿ ಬೀಗ್ರೇ, ಬಂದೋರ ಕಣ್ಣೆಲ್ಲ ಮಗು ಮೇಲೆ ಬೀಳುತ್ತೆ. ರೂಮಲ್ಲಿರ್ಲಿ" ಅಂದ್ಲು ಅಮ್ಮ.

"ರೂಮಲ್ಲಿ ಅತ್ರೆ ಯಾರಿಗ್ರೀ ಕೇಳ್ಸುತ್ತೆ?"

"ನಮ್ಮ ಕಡೆ ಮಕ್ಳು ಅಷ್ಟೊಂದು ಅಳಲ್ಲ."

"ಅಂದ್ರೆ ನಮ್ಮ ಕಡೆಯವು ಅಳ್ತಾವಾ?"

ಇನ್ನೂ ಹೊಟ್ಟೇಲೇ ಇಲ್ಲದ ಮಗು ಯಾರ ಕಡೆಯದು ಅಂತ ಅರ್ಧ ಗಂಟೆ ವಾದ ಆಯ್ತು. ನನ್ನನ್ನ ಒಬ್ಬರೂ ಒಂದು ಮಾತು ಕೇಳ್ಲಿಲ್ಲ. ಕೊನೆಗೆ ಮೇಸ್ತ್ರೀನೇ, "ಅಮ್ಮಾರೇ, ಕಾಂಕ್ರೀಟ್ ಗಟ್ಟಿ ಆಯ್ತಾ ಅದೆ!" ಅಂತ ಕಿರುಚಿ ಜಗಳ ಬಿಡಿಸ್ದ.

ಸಂಜೆ ಮೇಸ್ತ್ರಿ ಕೆಳಗಿಳಿದು ಬಂದು ನಮ್ಮೆಜಮಾನ್ರ ಕಿವಿ ಹತ್ರ ಮೆಲ್ಲಗೆ ಹೇಳಿದ: "ಹಾಲಲ್ಲೊಂದು, ರೂಮಲ್ಲೊಂದು, ಎರಡು ಬುಟ್ಟಿದೀನಿ ಸಾ. ನಮ್ ಕೆಲ್ಸ ಮುಗೀತು. ಇನ್ನು ನಿಮ್ದು."

ಅಲ್ಲೂ ಇಲ್ಲ, ಇಲ್ಲೂ ಇಲ್ಲ

ಬಣ್ಣ ಬಳಿದು ಮುಗಿಸಿದ ವಾರವೇ ಡಾಕ್ಟ್ರು, "ಕಂಗ್ರಾಜುಲೇಷನ್ಸ್" ಅಂದ್ರು. ನಾನು ಆಸ್ಪತ್ರೆ ಕಾರಿಡಾರಲ್ಲೇ ಅತ್ತುಬಿಟ್ಟೆ. ಅಂದ್ಕೊಂಡಿದ್ದು ಅಂದ್ಕೊಂಡ ಹಾಗೇ ಆಗಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಆ ಖುಷಿ ಸಂಜೆವರೆಗೂ ಇತ್ತು.

ಸಂಜೆ ಗೃಹಪ್ರವೇಶದ ದಿನ ಕೇಳೋಕೆ ಹೋದ್ವಿ. ಪುರೋಹಿತರು ಪಂಚಾಂಗ ತೆಗೆದವರು, ನನ್ನ ವಿಷಯ ಕೇಳಿದ ಕೂಡ್ಲೇ ಮುಚ್ಚಿದ್ರು. "ಬಸುರಿ ಹೆಂಡ್ತಿ ಇದ್ದಾಗ ಗೃಹಪ್ರವೇಶ ಮಾಡೋ ಹಾಗಿಲ್ಲಪ್ಪ. ಹೆರಿಗೆ ಆಗ್ಲಿ, ಆಮೇಲೆ ಬಾ."

ಫೋನ್ ಮಾಡಿ ಹೇಳಿದ್ರೆ ಅತ್ತೆ, ಅಮ್ಮ ಇಬ್ಬರೂ ಒಂದೇ ದನಿಯಲ್ಲಿ, "ಹೌದಲ್ವಾ!" ಅಂದ್ರು. ಕೊಕ್ಕೆ ವಿಷಯದಲ್ಲಿ ಕಿತ್ತಾಡಿದವರು ಇದರಲ್ಲಿ ಮಾತ್ರ ಒಂದಾಗ್ಬಿಟ್ರು.

ಸರಿ, ಬಾಡಿಗೆ ಮನೆಗೆ ವಾಪಸ್ ಬಂದ್ರೆ ಆಂಟಿಗೆ ಆಗಲೇ ಸುದ್ದಿ ಮುಟ್ಟಿತ್ತು. ಬಿಸಿ ಒಬ್ಬಟ್ಟು ತುಪ್ಪ ಹಿಡ್ಕೊಂಡು ಮೇಲೆ ಬಂದ್ರು. ಒಬ್ಬಟ್ಟು ಬಾಯಿಗೆ ತುರುಕಿ, ದೃಷ್ಟಿ ತೆಗೆದು, ಆಮೇಲೆ ಮೆಲ್ಲಗೆ ಕೇಳಿದ್ರು, "ಯಾವಾಗ ಖಾಲಿ ಮಾಡ್ತೀರಾ?"

ನಂಗೆ ರೇಗಿಹೋಯ್ತು. "ಮಗು ಹೊಟ್ಟೇಲಿದ್ರೆ ಆ ಮನೆ ಇಲ್ಲ, ಮಡಿಲಿಗೆ ಬಂದ್ರೆ ಈ ಮನೆ ಇಲ್ಲ. ಎಲ್ಲಿಗ್ ಹೋಗ್ಲಿ ಆಂಟಿ?"

ಆಂಟಿ ಇನ್ನೊಂದು ಒಬ್ಬಟ್ಟು ನನ್ನ ಕೈಗಿಟ್ರು. "ಹೊಟ್ಟೇಲಿರೋದು ಗೋಡೆ ಗೀಚಲ್ಲ ಬಿಡು. ಅಲ್ಲೀವರ್ಗೂ ಇರು."

ಅಲ್ಲಿ ಲೋನಿನ ಕಂತು, ಇಲ್ಲಿ ಬಾಡಿಗೆ, ಎರಡೂ ಕಟ್ಕೊಂಡು ದಿನ ದೂಡಿದ್ವಿ. ಭಾನುವಾರ ಹೋಗಿ ನಮ್ಮ ಮನೇನೇ ಗೇಟಿನ ಹೊರಗೆ ನಿಂತು ನೋಡಿ ಬರ್ತಿದ್ವಿ. ಒಂದ್ಸಲ ದಾರೀಲಿ ಹೋಗ್ತಿದ್ದವರು ಗಾಡಿ ನಿಲ್ಲಿಸಿ, "ಬಾಡಿಗೆಗೆ ಮನೆ ನೋಡ್ತಿದೀರಾ ಸಾರ್? ಇದು ಖಾಲಿ ಇದೆ, ಓನರ್ ಎಲ್ಲೋ ಫಾರಿನ್ನಲ್ಲಿರ್ಬೇಕು" ಅಂತ ನಮಗೇ ಹೇಳಿ ಹೋದ್ರು.

ಹಸುವಿನ ಕೆಲಸ

ಗಂಡು ಮಗು ಹುಟ್ತು. ಬಾಣಂತನಕ್ಕೆ ಅಮ್ಮ ಕುಣಿಗಲ್‌ಗೆ ಕರ್ಕೊಂಡು ಹೋಗಿದ್ದಕ್ಕೆ ಬಚಾವು. ಐದು ತಿಂಗಳಾದ್ಮೇಲೆ, ಅಂತೂ ಇಂತೂ, ಗೃಹಪ್ರವೇಶ.

ಒಳಗೆ ಮೊದಲು ಹೋಗೋದು ಹಸು. ಹಸು ಕೊಟ್ಟಿದ್ದು ಅದೇ ರಾಗಿ ಹೊಲದ ಹೆಂಗಸು. ಪಾರ್ಕು ಇನ್ನೂ ರಾಗಿಯಾಗೇ ಇತ್ತು. ಹಸು ಒಳಗೆ ಬಂದು ಗಂಜಲ ಹಾಕಿದ್ರೆ ಶ್ರೇಷ್ಠ ಅಂತ ಪುರೋಹಿತರು ಅಂದಿದ್ದೇ ತಡ, ಹಾಲಲ್ಲಿ ಎಲ್ಲರೂ ಅದರ ಬಾಲದ ಕಡೆ ನೋಡ್ತಾ ನಿಂತ್ರು. ವಿಡಿಯೋದವನು ಕ್ಯಾಮೆರಾ ಅಲ್ಲಿಗೇ ಹಿಡಿದ. ಹಸು ಬಾಳೆಹಣ್ಣು ತಿಂತು, ತೋರಣ ತಿಂತು, ನಮ್ಮೆಜಮಾನ್ರ ಶಲ್ಯಕ್ಕೂ ಬಾಯಿ ಹಾಕ್ತು. ಆಗಬೇಕಾದ್ದು ಮಾತ್ರ ಆಗ್ಲಿಲ್ಲ.

"ಮಾಡು ತಾಯಿ, ಮಾಡವ್ವ" ಅಂತ ಅತ್ತೆ ಬೆನ್ನು ಸವರಿದ್ರು. ಅಮ್ಮ ಕೈ ಮುಗಿದ್ಲು. ಪುರೋಹಿತರು ಗಡಿಯಾರ ನೋಡಿ, "ಮುಹೂರ್ತ ಮೀರ್ತಾ ಇದೆ" ಅಂದ್ರು. ನನಗೋ, ಇದೂ ನಿಂತುಹೋದ್ರೆ ಮತ್ತೆ ಗೇಟಿನ ಹೊರಗೇ ಗತಿ ಅನ್ನಿಸ್ತು.

ಅಷ್ಟ್ರಲ್ಲಿ ಓನರ್ ಆಂಟಿ ಬಂದ್ರು. ಹೊಸಾ ರೇಷ್ಮೆ ಸೀರೆ. "ಎಲ್ಲಿ ನನ್ನ ಬಂಗಾರ?" ಅಂತ ನನ್ನ ಕೈಯಿಂದ ಮಗೂನ ಕಿತ್ಕೊಂಡು ಹಾಲ್ ಮಧ್ಯೆ, ಸರಿಯಾಗಿ ಕೊಕ್ಕೆ ಕೆಳಗೆ ನಿಂತು, ಮೇಲಕ್ಕೆತ್ತಿ ಮುದ್ದಾಡಿದ್ರು.

ಮೇಲೆತ್ತಿದ್ದೇ ತಪ್ಪಾಯ್ತು. ಆಂಟಿ ಹೆಗಲಿಂದ ಶುರುವಾಗಿ, ಸೆರಗಿಗಿಳಿದು, ಅಲ್ಲಿಂದ ಟೈಲ್ಸ್ ಮೇಲೆ ಹರೀತು.

ಹಸು ಒಂದನ್ನ ಬಿಟ್ಟು ಎಲ್ಲರೂ ಆಂಟಿ ಸೆರಗಿನ ಕಡೆ ತಿರುಗಿದ್ರು. ರಾಗಿ ಹೊಲದ ಹೆಂಗಸೇ ಮೊದಲು ಬಾಯಿ ಬಿಟ್ಟಿದ್ದು: "ನಮ್ ಹಸ ಯಾಕೆ ಬುಡಿ ಐನೋರೆ, ಮನೆ ಯಜಮಾನ್ನೇ ಮಾಡವ್ನಲ್ಲ!"

ಪುರೋಹಿತರು ಗಡಿಯಾರ ನೋಡಿದ್ರು, ನೆಲ ನೋಡಿದ್ರು. "ಶುಭವೇ. ಹಾಲುಕ್ಕಿಸಿ" ಅಂದ್ರು.

ನಾನು ನಗಬೇಕೋ ಅಳಬೇಕೋ ಗೊತ್ತಾಗ್ದೆ ಟವಲ್ ಹಿಡ್ಕೊಂಡು ಆಂಟಿ ಹತ್ರ ಓಡಿದೆ. "ಸಾರಿ ಆಂಟಿ, ಕೊಡಿ ಇಲ್ಲಿ ಅವನನ್ನ."

ಆಂಟಿ ಕೊಡ್ಲಿಲ್ಲ. ಒಂದು ಕೈಯಲ್ಲಿ ಮಗೂನ ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಸೆರಗು ಹಿಂಡ್ತಾ, ಊರಿಗೆಲ್ಲ ಕೇಳೋ ಹಾಗೆ ಹೇಳಿದ್ರು:

"ನೋಡಿದ್ಯಾ? ಇದಕ್ಕೇ ಕಣಮ್ಮ ನಾನು ಮಕ್ಳಿರೋರಿಗೆ ಮನೆ ಕೊಡಲ್ಲ ಅನ್ನೋದು!"