ಅಟ್ಟದ ಮೇಲಿನ ಅಪೀಲು

ನನ್ನ ದೌರ್ಬಲ್ಯವೊಂದನ್ನು ಮೊದಲೇ ಹೇಳಿಬಿಡುತ್ತೇನೆ. ತಪ್ಪು ಮಾಡಿದ್ದೀಯ ಎಂದು ಯಾರಾದರೂ ಬೈದರೆ ನಾನು ಸಹಿಸಿಕೊಳ್ಳಬಲ್ಲೆ. ಮದುವೆಯಾದಾಗಿನಿಂದ ಅದು ರೂಢಿಯಾಗಿದೆ. ಆದರೆ ಏನು ತಪ್ಪು ಎಂದು ಹೇಳದೆ ಬಾಗಿಲು ಹಾಕಿಕೊಂಡರೆ ಮಾತ್ರ ಅನ್ನ ಸೇರುವುದಿಲ್ಲ. ಅಂಥ ಸಂಕಟ ಬಂದಾಗ ದಂಡಿನಶಿವರದ ನಮ್ಮ ಸೋದರತ್ತೆ ರಂಗಮ್ಮನ ಮನೆಗೆ ಹೋಗಿ, ಅಟ್ಟ ಹತ್ತಿ, ಕೊಬ್ಬರಿಯಾಗಲೆಂದು ಒಣಗಲು ಹಾಕಿದ ತೆಂಗಿನಕಾಯಿಗಳ ನಡುವೆ ಮಲಗಿಬಿಡುತ್ತೇನೆ. ಹೆಂಚಿನ ಸಂದಿಯಿಂದ ಮಧ್ಯಾಹ್ನದ ಬಿಸಿಲು ಇಷ್ಟಿಷ್ಟೇ ಇಳಿಯುತ್ತಿರುತ್ತದೆ. ಸುತ್ತಲೂ ಸಾವಿರಾರು ಕಾಯಿಗಳು ಸುಮ್ಮನೆ ಕೂತು, ತಮ್ಮೊಳಗಿನ ನೀರನ್ನು ತಾವೇ ಕುಡಿಯುತ್ತಿರುತ್ತವೆ. ಒಂದು ಕಾಯಿಗೆ ಹನ್ನೊಂದು ತಿಂಗಳ ಕೆಲಸ ಅದು. ಅವುಗಳ ನಡುವೆ ಅರ್ಧ ಗಂಟೆ ಮಲಗಿದರೆ ಲೋಕದಲ್ಲಿ ಅವಸರದ ವಿಷಯ ಯಾವುದೂ ಇಲ್ಲ ಅನ್ನಿಸತೊಡಗುತ್ತದೆ.

ಇಂಥ ಒಂದು ಮಂಪರಿನಲ್ಲೇ ನನಗೆ ಆ್ಯಪ್ ಮಾಡುವ ಯೋಚನೆ ಹುಟ್ಟಿದ್ದು. ನಾನು ತುರುವೇಕೆರೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು, ಜನರ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬಿಕೊಡುವವನು. ಬಿಡುವಿದ್ದಾಗ ವಿಡಿಯೊ ನೋಡಿ ನೋಡಿ ಆ್ಯಪ್ ಮಾಡುವುದನ್ನು ಕಲಿತಿದ್ದೆ. ಕಲಿತದ್ದನ್ನು ಯಾರ ಮೇಲೆ ಪ್ರಯೋಗಿಸಲಿ ಎಂದು ಕಾಯುತ್ತಿದ್ದಾಗ ರಂಗತ್ತೆಯ ಕಿವಿ ಮಂದವಾಗತೊಡಗಿತು. ಇದೇನು ಸಣ್ಣ ವಿಷಯವಲ್ಲ. ಅವರ ಬೀದಿಯಲ್ಲಿ ಯಾರೇ ಕಾಯಿ ಸುಲಿಸುವುದಿದ್ದರೂ ಮೊದಲು ಒಂದೆರಡು ತಂದು ಅತ್ತೆಯ ಕೈಗೆ ಕೊಡುತ್ತಿದ್ದರು. ಅತ್ತೆ ಅಲ್ಲಾಡಿಸಿ, ಒಳಗೆ ಗಿಟುಕು, ಅಂದರೆ ಚಿಪ್ಪು ಬಿಟ್ಟ ಒಣ ಕೊಬ್ಬರಿ, ಲೊಟಲೊಟ ಎಂದರೆ "ಆಗೈತೆ, ಸುಲೀರಿ" ಎನ್ನುವಳು. ನೀರಿದ್ದರೆ ಪಕ್ಕಕ್ಕಿಡುವಳು. ಈಗೀಗ ಮಾತಾಡಿಸಿದರೆ "ಏನಂದೆ?" ಎಂದು ಎರಡು ಸಲ ಕೇಳುತ್ತಿದ್ದಳು. ಕಾಯಿ ತರುವವರೂ ಕಡಿಮೆಯಾಗಿದ್ದರು. ಯಾರೂ ಕರೆಯದ ಮೇಲೆ ಅವಳು ಜಗಲಿಯಲ್ಲಿ ಸುಮ್ಮನೆ ಕೂತಿರುವುದನ್ನು ನೋಡಿ ನನಗೆ ಸಂಕಟವಾಯಿತು. ಅವಳ ಕಿವಿಯ ಕೆಲಸವನ್ನು ಫೋನಿಗೆ ಕಲಿಸಿ, ಅವಳ ಕೈಗೇ ಕೊಡೋಣ ಅಂದುಕೊಂಡೆ.

ಫೋನಿಗೆ ಕಲಿಸುವುದೆಂದರೆ ಸದ್ದು ಕೇಳಿಸುವುದು. ಆದ ಕಾಯಿಯ ಸದ್ದಿಗೇನೂ ಬರವಿರಲಿಲ್ಲ. ಸುಲಿಯುವ ಹೊತ್ತಿನಲ್ಲಿ ನೂರಾರು ಕಾಯಿ ಅಲ್ಲಾಡಿಸಿ ಕೇಳಿಸಿದೆ. ಆಗದ ಕಾಯಿಯದೇ ತೊಡಕು. ಇದು ಆಗಿಲ್ಲ ಎಂದು ಖಾತ್ರಿಯಾಗಬೇಕಾದರೆ ಒಡೆದೇ ನೋಡಬೇಕು. ಅಟ್ಟಕ್ಕೆ ಹಾಕಿದ ಕಾಯಿಯನ್ನು ಅರ್ಧದಲ್ಲಿ ಒಡೆಯುವ ಕೈ ನಮ್ಮ ಸೀಮೆಯಲ್ಲಿ ಯಾರಿಗೂ ಇಲ್ಲ. ಬಸುರಿಯನ್ನು ಎಬ್ಬಿಸಿ ಓಡಿಸಿದಷ್ಟು ಪಾಪ ಎನ್ನುವಂತೆ ನೋಡುತ್ತಾರೆ. ನಾನೂ ಇದೇ ಮಣ್ಣಿನವನು. ಅದಕ್ಕೆ ಒಂದು ಉಪಾಯ ಮಾಡಿದೆ. ಬಾಟಲಿಗೆ ಅರ್ಧ ನೀರು ತುಂಬಿ ಅಲ್ಲಾಡಿಸಿ, "ಇದು ಆಗದ ಕಾಯಿ" ಎಂದು ಫೋನಿಗೆ ಹೇಳಿಕೊಟ್ಟೆ. ನೀರು ನೀರೇ ತಾನೆ ಎಂಬ ಧೈರ್ಯ. ಆದ ಕಾಯಿಗೆ ಹಸಿರು ದೀಪ, ಆಗದ್ದಕ್ಕೆ ಕೆಂಪು. ಅದನ್ನು ಆನ್‌ಲೈನಿನ ಆ್ಯಪ್ ಅಂಗಡಿಗೆ ಏರಿಸಿದೆ. ಹಳದಿ ಕಾಯಿಯ ಚಿತ್ರ ಇಟ್ಟುಕೊಂಡು ಅದು ಅಲ್ಲಿ ಕಾಣಿಸಿದ ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಒಂದು ತಿಂಗಳಿಗೆ ಸರಿಯಾಗಿ ಆ ಅಂಗಡಿಯವರಿಂದ ಪತ್ರ ಬಂತು. ನಿಮ್ಮ ಆ್ಯಪ್ ಕನಿಷ್ಠ ಉಪಯುಕ್ತತೆಯ ನಿಯಮಕ್ಕೆ ಅನುಗುಣವಾಗಿಲ್ಲ, ತೆಗೆಯಲಾಗಿದೆ. ಏನು ಅನುಗುಣವಾಗಿಲ್ಲ ಎಂದು ಕೇಳಿದೆ. ನಿಯಮಗಳನ್ನು ಓದಿರಿ ಎಂದಿತು. ಓದಿದೆ. ಅವು ನಮ್ಮ ಕೆರೆ ಏರಿಗಿಂತ ಉದ್ದವಿದ್ದವು. ಮತ್ತೆ ಕೇಳಿದೆ, ಅದೇ ಪತ್ರ, ತಾರೀಖು ಮಾತ್ರ ಬೇರೆ. ಪಕ್ಕದ ಟೈಲರ್ ನಯಾಜ್‌ಗೆ ತೋರಿಸಿದೆ. ಅವನು ಕತ್ತರಿ ಕೆಳಗಿಟ್ಟು ತನ್ನ ಫೋನು ತೆಗೆದ.

"ನೋಡ್ಲಾ ಇದ್ನ. ಫೋನ್ ಅಲ್ಲಾಡ್ಸುದ್ರೆ ನಿಂಗೆ ಎರಡ್ನೇ ಮದ್ವೆ ಯೋಗ ಐತಾ ಅಂತ ಹೇಳ್ತದೆ. ಇದು ಅಂಗಡೀಲಿ ಐತೆ, ನಿಂದು ಇಲ್ಲ."

"ಐತಾ ನಿಂಗೆ?"

"ಮೂರು ಸಲ ಅಲ್ಲಾಡ್ಸುದ್ರೆ ಮೂರು ಥರ ಹೇಳ್ತು ಕಣ್ಲಾ. ಬುಡು, ದೊಡ್ಡ ಕಂಪ್ನೀದಂತೆ. ಅವ್ರಿಗೊಂದ್ ಕಾನೂನು, ನಿಂಗೊಂದ್ ಕಾನೂನು."

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಆದರೆ ಅಷ್ಟರಲ್ಲೇ ನನ್ನ ಜೆರಾಕ್ಸ್ ಅಂಗಡಿಗೆ ಒಬ್ಬರು ಬಂದು, "ನನ್ ಅರ್ಜಿ ಯಾಕ್ ಸಾ ವಾಪಸ್ ಬಂತು?" ಎಂದು ಕೇಳಿದರು. "ಕಂಪ್ಯೂಟರ್ ತಗೊಳ್ತಿಲ್ಲ ಕಣಪ್ಪ" ಎಂದು ಕಳಿಸಿದೆ. ಹದಿನೈದು ವರ್ಷದಿಂದ ನಾನು ಎಲ್ಲರಿಗೂ ಕೊಡುವ ಉತ್ತರ ಅದೊಂದೇ.

ಮೂರನೆಯ ಸಲ ವಿಡಿಯೊ ಮಾಡಿ ಕಳಿಸಿದೆ. ಅಟ್ಟದ ಮೇಲೆ ಕೂತು ಹತ್ತು ಕಾಯಿ ಅಲ್ಲಾಡಿಸಿದ್ದೆ, ಕೊನೆಗೆ ಬಾಟಲಿಯನ್ನೂ ಅಲ್ಲಾಡಿಸಿದ್ದೆ. ಈ ಬಾರಿ ಪತ್ರದ ಕೊನೆಯಲ್ಲಿ ಒಂದು ಹೊಸ ಸಾಲಿತ್ತು: ವಿಡಿಯೊದಲ್ಲಿನ ಎಲ್ಲ ಕಾಯಿಗೂ ಒಂದೇ ಫಲಿತಾಂಶ ಬಂದಿದೆ. ಇನ್ನೊಂದೇ ಅಪೀಲಿಗೆ ಅವಕಾಶವಿದೆ. ಅದೂ ಬಿದ್ದುಹೋದರೆ ನನ್ನ ಖಾತೆಯೇ ಮುಚ್ಚುತ್ತದೆ, ಮುಂದೆ ನಾನು ಅಲ್ಲಿ ಏನನ್ನೂ ಇಡುವಂತಿಲ್ಲ. ನನಗೆ ಮೈಯೆಲ್ಲ ಉರಿಯಿತು. ಹತ್ತೂ ಆದ ಕಾಯಿಯಾದರೆ ಹತ್ತಕ್ಕೂ ಹಸಿರೇ ತಾನೆ ಬರಬೇಕು? ಕಾಯಿಯ ಗಂಧಗಾಳಿ ಇಲ್ಲದವರು ನ್ಯಾಯ ಹೇಳಲು ಕೂತರೆ ಹೀಗೇ. ಬಡ ಪ್ರೋಗ್ರಾಮರುಗಳ ಪರವಾಗಿ ನಾಲ್ಕು ಪುಟದ ಅಪೀಲು ಬರೆದೆ. ಅದನ್ನು ಓದಿದರೆ ಯಾರಿಗಾದರೂ ಕಣ್ಣೀರು ಬರಬೇಕು, ನನಗಂತೂ ಬಂತು.

ಕಳಿಸುವ ಮೊದಲು ಒಂದು ಸಲ ಮಲಗಿ ಬರೋಣವೆಂದು ಅಟ್ಟ ಹತ್ತಿದೆ. ಅತ್ತೆ ಅಲ್ಲೇ ಕಾಯಿ ತಿರುಗಿಸಿಡುತ್ತಿದ್ದಳು. ಬಿಸಿಲಿನ ಕೋಲುಗಳಲ್ಲಿ ಧೂಳು ನಿಧಾನವಾಗಿ ಏಳುತ್ತಿತ್ತು. ಕಣ್ಣು ಎಳೆಯುತ್ತಿದ್ದರೂ ಜೋರಾಗಿ, ಎರಡೆರಡು ಸಲ, ನನಗಾದ ಅನ್ಯಾಯವನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಮೂಲೆಯ ರಾಶಿಯಿಂದ ಒಂದು ಕಾಯಿ ತೆಗೆದು ನನ್ನ ಮುಂದಿಟ್ಟಳು.

"ಕೇಳ್ಸು ನಿನ್ ಫೋನ್ಗೆ."

ಅಲ್ಲಾಡಿಸಿದೆ. ಹಸಿರು ದೀಪ ಬಂತು.

"ಆಗೈತೆ ಅಂತದೆ ಅತ್ತೆ."

ಅವಳು ಕಾಯಿಯನ್ನು ಕೈಗೆ ತೆಗೆದುಕೊಂಡು ಒಂದೇ ಸಲ ಅಲುಗಿಸಿದಳು. ಕಿವಿಯ ಹತ್ತಿರಕ್ಕೂ ಒಯ್ಯಲಿಲ್ಲ. "ನೀರೈತೆ" ಎಂದಳು.

"ನಿಂಗೆ ಕೇಳಿಸ್ತಾ?"

"ಕಿವೀಲಿ ಯಾವ್ ಕಾಲಕ್ಕೆ ಕೇಳಿದ್ನಪ್ಪ ನಾನು? ಅಂಗೈಗೆ ಗೊತ್ತಾಯ್ತದೆ. ಗಿಟುಕು ಒದ್ರೆ ಆಗೈತೆ ಅಂತ. ಒದೀಲಿಲ್ಲ ಅಂದ್ರೆ ನೀರೈತೆ ಅಂತ."

ನಾನು ಒಪ್ಪಲಿಲ್ಲ. ಅವಳು ವಾದ ಮಾಡಲಿಲ್ಲ. ಕಾಯಿ ಸುಲಿದು, ಜನ್ಮದಲ್ಲಿ ಮಾಡದ ಕೆಲಸ ಮಾಡಿದಳು: ಅರ್ಧದಲ್ಲಿದ್ದ ಕಾಯಿಗೆ ಮಚ್ಚಿನ ಹಿಂಬದಿಯಿಂದ ಒಂದೇಟು ಹಾಕಿದಳು. ನೀರು ನನ್ನ ತೊಡೆಯ ಮೇಲಿದ್ದ ನಾಲ್ಕು ಪುಟದ ಅಪೀಲಿನ ಮೇಲೆ ಹರಿಯಿತು. ನನ್ನ ಫೋನು ಕಲಿತಿದ್ದದ್ದು ಕಾಯಿ ಯಾವುದು, ಬಾಟಲಿ ಯಾವುದು ಎಂಬುದನ್ನು ಮಾತ್ರ. ಆ ಮಟ್ಟಿಗೆ ಅದರ ತೀರ್ಪು ಒಂದು ಸಲವೂ ತಪ್ಪಿರಲಿಲ್ಲ.

"ಅವ್ರೂ ಮೊದ್ಲೇ ಹಿಂಗೆ ಒಡೆದು ತೋರ್ಸಿದ್ರೆ ನಿಂಗೆ ಇಷ್ಟು ಹೊಟ್ಟೆ ಉರೀತಿರ್ಲಿಲ್ಲ" ಎಂದಳು ಅತ್ತೆ. "ಒಂದ್ ಕಾಯಿ ಬ್ಯಾಡ ಅಂದ್ಮೇಲೆ ಒಡೆದ್ ತೋರಿಸ್ಬೇಕು. ಇಲ್ಲಾಂದ್ರೆ ತಂದೋನಿಗೆ ನಿದ್ದೆ ಬರಾಕಿಲ್ಲ."

ಆಮೇಲೆ ಅವಳಾಗಿಯೇ ಹನ್ನೊಂದು ಕಾಯಿ ಆರಿಸಿ, ಒಂದೊಂದನ್ನೂ ಮೊದಲು ಫೋನಿಗೆ ಕೇಳಿಸಿ, ಆಮೇಲೆ ತಾನು ಹೇಳಿ, ಆಮೇಲೆ ಒಡೆದಳು. ಒಂದು ಸಲವೂ ಅವಳ ಮಾತು ಹುಸಿಯಾಗಲಿಲ್ಲ. ಅಟ್ಟದ ಕಾಯಿಗೆ ಕೈಯೆತ್ತದವಳು ನನಗಾಗಿ ಇಷ್ಟು ಒಡೆದಳಲ್ಲ ಎಂದು ಚಿಪ್ಪುಗಳನ್ನೆಲ್ಲ ನಾನೇ ಬಾಚಿದೆ. ಕಿವಿ ಮಂದವಾದರೂ ಅವಳ ಅಂಗೈಗೆ ಏನೂ ಆಗಿಲ್ಲ ಎಂಬ ಸಂತೋಷವಾಯಿತು. ಕೆಳಗಿಳಿದು ಮೊದಲು ಬೀದಿಯವರಿಗೆ ಅದನ್ನೇ ಹೇಳಿದೆ. ಮಾರನೆಯ ದಿನವೇ ಒಬ್ಬರು ಎರಡು ಕಾಯಿ ಹಿಡಿದು ಜಗಲಿಗೆ ಬಂದರು.

ಹಳೆಯ ಅಪೀಲು ಹರಿದು ಹಾಕಿದ್ದೇನೆ. ಆ್ಯಪ್‌ಗೆ ಈಗ ಆಗದ ಕಾಯಿಗಳನ್ನೇ ಕೇಳಿಸುತ್ತಿದ್ದೇನೆ. ಅರ್ಜಿ ವಾಪಸ್ ಬಂದವರನ್ನು ಕೂರಿಸಿ ಎಲ್ಲಿ ತಪ್ಪಿದೆ ಎಂದು ತೋರಿಸುವ ಅಭ್ಯಾಸವನ್ನೂ ಕಷ್ಟಪಟ್ಟು ಮಾಡಿಕೊಳ್ಳುತ್ತಿದ್ದೇನೆ. ಅಪೀಲಿನ ನಮೂನೆಯಲ್ಲಿ "ಈ ಆ್ಯಪ್ ಯಾರಿಗಾಗಿ?" ಎಂಬ ಪ್ರಶ್ನೆಯಿದೆ. ಅಲ್ಲಿ ಹಿಂದೆ "ಕಿವಿ ಮಂದವಾದವರಿಗಾಗಿ" ಎಂದು ಬರೆದಿದ್ದೆ. ಎಲ್ಲ ಕಾಯಿಗೂ ಒಂದೇ ಫಲಿತಾಂಶ ಎಂದು ಆ ಅಂಗಡಿಯವರು ಆಗಲೇ ಹೇಳಿದ್ದ ಕೊನೆಯ ಪತ್ರವನ್ನು ಇನ್ನೊಮ್ಮೆ ಓದಿದ ಮೇಲೆ ಆ ಉತ್ತರವನ್ನು ಹಾಗೇ ಬಿಟ್ಟಿದ್ದೇನೆ. ಅದರಲ್ಲಿ ಸುಳ್ಳೇನೂ ಇಲ್ಲ. ಬರೆಯುವಾಗ ಅದು ಅತ್ತೆಯ ಬಗ್ಗೆ ಎಂದುಕೊಂಡಿದ್ದೆ, ಅಷ್ಟೆ.