ಯಾವ ದೇಶದ ಮಾಲ್ರೀ ಇದು?

ಅಂಗಡಿ ಬಾಗಿಲ ತೆಗದು ಕುಂತ್ರ ಇಂಥವು ದಿನಾ ನಡೀತಾವ ಬಿಡ್ರಿ. ಕೇಳಿದೋರು ಹೊಟ್ಟಿ ಹಿಡ್ಕೊಂಡು ನಗ್ತಾರ. ಗಂಡನ ಜೋಡಿ ಗಲ್ಲೇದಾಗ ಕುಂತ ನನಗ ಮಾತ್ರ ಆವಾಗ ತಲಿ ಚಚ್ಚಿಕೊಳ್ಳೋದ ಆಗಿತ್ತು.

ಬಳ್ಳಾರಿಯ ಬೆಂಗಳೂರು ರಸ್ತ್ಯಾಗ ನಮ್ಮದೊಂದು ಟಿವಿ, ರೇಡಿಯೊ, ಫ್ರಿಜ್ಜು, ಮಿಕ್ಸಿ ಅಂಗಡಿ. ರಿಪೇರಿನೂ ಮಾಡ್ತಿದ್ವಿ. ಗಣಿ ಜೋರು ನಡೆದಿದ್ದ ಕಾಲ ಅದು. ಮುಂಜಾನಿ ಒರೆಸಿದ ಗಾಜು ಮಧ್ಯಾಹ್ನಕ್ಕ ಅದಿರಿನ ಧೂಳಿಗೆ ಕೆಂಪಗ ಆಗಿರ್ತಿತ್ತು. ಬಂದ ಗಿರಾಕಿ ರೇಟು ಕೇಳ್ತಿದ್ದಿಲ್ಲ, ಮೊದಲ ಮಾತೇ "ಯಾವ ದೇಶದ್ರೀ ಇದು?" ಜಪಾನ್ ಅಂದ್ರ ಕೈ ಮುಗಿಯೋದೊಂದು ಬಾಕಿ. ಚೀನಾ ಅಂದ್ರ ಅರ್ಧ ರೇಟಿಗೆ ಕೇಳೋರು. ನಮ್ಮ ದೇಶದ್ದ ಅಂದ್ರ ನಮ್ಮ ಮುಖ ನೋಡಿ ಅಯ್ಯೋ ಪಾಪ ಅನ್ನೋರು.

ಉಳಿದ ಅಂಗಡಿಯವ್ರು ಗಿರಾಕಿ ಮುಖ ನೋಡಿ ದೇಶ ಹೇಳ್ತಿದ್ರು. ನಮ್ಮನಿಯವ್ರು ಹಂಗಲ್ಲ. ಮಾಲು ಬೋರಲು ಹಾಕಿ, ಕನ್ನಡಕ ಏರಿಸಿ, ಹಿಂದ ಬರದಿದ್ದನ್ನ ಓದಿ, ಬರೀದ ಬಿಟ್ಟಿದ್ದನ್ನೂ ಸೇರಿಸಿ ಹೇಳೋರು. ಅಂಗಡಿ ಮಾತು ಹೋಗ್ಲಿ. ಅದ ವರ್ಷ ನಮ್ಮ ಮಗಳಿಗೆ ಗಂಡು ನೋಡ್ತಿದ್ವಿ. ಒಂದು ಸಂಬಂಧ ಆಗಲೇ ಕೈ ಬಿಟ್ಟಿತ್ತು. "ಹುಡುಗಿ ಅಡಿಗಿ ಹೆಂಗ ಮಾಡ್ತಾಳ್ರಿ?" ಅಂತ ಕೇಳಿದ್ದಕ್ಕ ಇವ್ರು, "ಹಸಿವಿದ್ರ ನಡೀತೈತ್ರಿ" ಅಂದಿದ್ರು. ಗಿರಾಕಿ ಹೋದ್ರ ನಾಳಿ ಇನ್ನೊಬ್ರು ಬರ್ತಾರ, ಮಗಳ ಬಾಳು ಈ ಬಾಯಿಂದ ಕೆಟ್ರ ಏನು ಮಾಡ್ಲಿ ಅನ್ನೋದ ನನ್ನ ಚಿಂತಿ ಆಗಿತ್ತು.

ಕಬ್ಬಿಣ ಎಲ್ಲಿಟ್ರು?

ಅದಿರು ಸಾಗಿಸೋ ಲಾರಿ ಮಾಲೀಕರೊಬ್ರು ಬಂದ್ರು. ಹ್ವಾದ ವರ್ಷ ಒಂದ ಲಾರಿ ಇತ್ತು, ಈಗ ಸಾಲಿಗೆ ಸಾಲು ನಿಂತಾವ. "ಎಲ್ಲಾಕಿಂತ ದೊಡ್ಡ ಟಿವಿ ತಗೀರಿ. ಜಪಾನ್ ಇರಬೇಕು ಮತ್ತ!" ಅಂದ್ರು.

"ಹೆಸರು ಜಪಾನಿಂದ್ರಿ, ತಯಾರಾಗಿದ್ದು ಚೀನಾದಾಗ" ಅಂದ್ರು ನಮ್ಮನಿಯವ್ರು. ನಾನು ಮೇಜಿನ ಕೆಳಗ ಅವರ ಕಾಲು ತುಳದೆ. "ಯಾಕ ತುಳೀತಿ?" ಅಂತ ಎಲ್ಲಾರಿಗೂ ಕೇಳೋಹಂಗ ಕೇಳಿದ್ರು.

ಲಾರಿಯವ್ರು ಯೋಚನಿ ಮಾಡಿದ್ರು. "ನಮ್ಮ ಅದಿರೆಲ್ಲಾ ಹೋಗೋದು ಚೀನಾಕ್ಕ ಅಲ್ರೀ?"

"ಹೌದ್ರಿ."

"ಹಂಗಾರ ಇದರಾಗಿರೋ ಕಬ್ಬಿಣ ನಮ್ಮದಾತು. ಸಿರುಗುಪ್ಪದಾಗ ಭತ್ತ ನಾವ ಒಯ್ದು ಕೊಟ್ರ ಮಿಲ್ಲಿನವ್ರು ಅಕ್ಕಿ ಮಾಡಿ ಬರೇ ಕೂಲಿ ತಗೋತಾರ. ಇದಕ್ಕೂ ಕೂಲಿ ಎಷ್ಟು ಹೇಳ್ರಿ, ಕೊಡ್ತೀನಿ."

ಬ್ಯಾರೇದವ್ರಾಗಿದ್ರ ನಕ್ಕು ಚಾ ತರಿಸಿ ಟಿವಿ ದಾಟಿಸಿಬಿಡ್ತಿದ್ರು. ಇವ್ರು ಭಾಳ ಗಂಭೀರವಾಗಿ, "ಇದರಾಗ ಕಬ್ಬಿಣ ಅಷ್ಟಿಲ್ರಿ, ಪ್ಲಾಸ್ಟಿಕ್ಕೇ ಜಾಸ್ತಿ" ಅಂದ್ರು.

ಲಾರಿಯವ್ರು ಎದ್ದು ನಿಂತ್ರು. "ಅಷ್ಟು ಲೋಡು ಕಳಿಸೀವಿ, ಕಬ್ಬಿಣ ತಾವಿಟ್ಕೊಂಡು ಪ್ಲಾಸ್ಟಿಕ್ ಕಳಿಸ್ಯಾರಂದ್ರ ಏನರ್ಥ್ರೀ?" ಅಂತ ಚೀನಾದವರಿಗೆ ಬೈಕೋತ ಹೋದ್ರು, ಟಿವಿ ತಗೋಲಿಲ್ಲ.

ದೇಶನೂರಿನ ಫ್ರಿಜ್ಜು

ದೇಶನೂರಿನ ರೈತರೊಬ್ರು ನಮ್ಮ ಅಂಗಡಿಂದ ಟಿವಿ, ಫ್ರಿಜ್ಜು ಎರಡೂ ಒಯ್ದಿದ್ರು. ಟಿವಿ ಮ್ಯಾಲ ಜಪಾನ್ ಅಂತ ಚೀಟಿ ಇತ್ತು. ಫ್ರಿಜ್ಜು ಇಲ್ಲೀದು. ಆಯುಧ ಪೂಜಿಗೆ ಕರದ್ರಂತ ನಾವಿಬ್ರೂ ಹೋದ್ವಿ. ಫ್ರಿಜ್ಜಿಗೆ ಕುಂಕುಮ, ಚೆಂಡು ಹೂವಿನ ಹಾರ, ಅದರ ನಡುವ ಜಪಾನ್ ಚೀಟಿ!

"ಇದು ಟಿವಿದಲ್ರೀ?" ಅಂದ್ರು ನಮ್ಮನಿಯವ್ರು.

"ಹೌದ್ರಿ. ಟಿವಿಗೆ ಊರಾಗ ಹೆಂಗೂ ಹೆಸರು ಬಂದೈತಿ. ಅದಕ್ಕ ಕಿತ್ತು ಇದಕ್ಕ ಹಚ್ಚೀವಿ."

"ಫ್ರಿಜ್ಜು ಇಲ್ಲೀದ್ರೀ, ಜಪಾನಿಂದಲ್ಲ."

"ಅದು ನಿಮಗ ಗೊತ್ತು, ನಮಗ ಗೊತ್ತು" ಅಂದ್ರು ರೈತರು. "ಆದ್ರ ಒಂದು ಮಾತು ಹೇಳ್ತೀನಿ, ಚೀಟಿ ಹಚ್ಚಿದಾಗಿಂದ ನೀರು ಭಾಳ ತಣ್ಣಗ ಆಗಾಕತ್ಯಾವ."

ದುಬೈ ರೇಡಿಯೊ

ನನ್ನ ತವರು ಕರೂರಿನಿಂದ ಬರ್ತಾ ಸಿರುಗುಪ್ಪದಾಗ ಇಳಿದಿದ್ವಿ. ಅಲ್ಲಿ ಗುರುತಿನ ಸಾಬರ ಮನ್ಯಾಗ ಒಂದು ರೇಡಿಯೊ ಕೆಟ್ಟಿತ್ತು. ಮನಿ ಅಜ್ಜಿ ಅದನ್ನ ರೇಷ್ಮಿ ವಸ್ತ್ರದಾಗ ಸುತ್ತಿ ತಂದ್ರು.

"ಮಗ ದುಬೈದಿಂದ ಕಳಿಸ್ಯಾನ ಬೇಟಾ. ಎಂಥಾ ಮಾಲು ನೋಡು!"

ನಮ್ಮನಿಯವ್ರು ಬೋರಲು ಹಾಕಿದ್ರು. ಬಗ್ಗಿ ನೋಡಿದ ನನಗೂ ಕಾಣಿಸ್ತು. ನಮ್ಮ ದೇಶದಾಗ ತಯಾರಾಗಿದ್ದು ಅಂತ ಚಂದಾಗಿ ಅಚ್ಚು ಹಾಕಿದ್ರು. ಸತ್ವಿ ಅಂದ್ಕೊಂಡೆ.

"ಇಂಥಾದ್ದು ನಮ್ಮೂರ ಕಡಿ ಸಿಗ್ತೈತೇನು ಬೇಟಾ?" ಅಜ್ಜಿ ಬಿಡಲಿಲ್ಲ.

ಇವ್ರು ರೇಡಿಯೊ ಮೆಲ್ಲಕ ಸೀದಾ ಮಾಡಿದ್ರು. "ಮಗ ಕಳಿಸಿದ ರೇಡಿಯೊ ಯಾವ ಅಂಗಡ್ಯಾಗೂ ಸಿಗಂಗಿಲ್ಲಮ್ಮಾ" ಅಂದ್ರು.

ನನಗ ಅಲ್ಲೇ ಅವರ ಮ್ಯಾಲ ಪ್ರೀತಿ ಉಕ್ಕಿ ಬಂತು. ಅಜ್ಜಿ ಖುಷಿಯಿಂದ ತಲಿ ಆಡಿಸಿ, "ಹಂಗಂತ ರಿಪೇರಿಗೆ ದುಬೈ ರೇಟು ಹಾಕಬ್ಯಾಡಪ್ಪಾ!" ಅಂದ್ರು.

ಕುರುಗೋಡಿನ ಬೀಗರು

ಅಷ್ಟೊತ್ತಿಗೆ ಕುರುಗೋಡಿನಿಂದ ಒಂದು ಸಂಬಂಧ ಬಂತು. ಹತ್ತಿ ವ್ಯಾಪಾರದ ಮನಿ, ಒಳ್ಳೇ ಮಂದಿ. ಮಗಳು ಬಾಯಿ ಬಿಟ್ಟು ಹೇಳಲಿಲ್ಲ, ಆದ್ರ ಹುಡುಗನ ಫೋಟೊ ತಗೊಂಡು ಹೋದಾಕಿ ವಾಪಸ್ ಕೊಡಲೇ ಇಲ್ಲ. ಈ ಸಲ ತಪ್ಪಬಾರದು ಅಂತ ನಾನು ಇವರ ಕೈಯ ನನ್ನ ತಲಿ ಮ್ಯಾಲ ಇಟ್ಟು ಆಣಿ ಮಾಡಿಸಿದೆ. ಕೇಳಿದ್ದಕ್ಕ ಹೂಂ, ಊಹೂಂ, ಎರಡ ಮಾತು.

ಬೀಗರಿಬ್ರೂ ಹುಡುಗನ್ನ ಕರಕೊಂಡು ಬಂದ್ರು. ವಗ್ಗಾಣಿ, ಮಿರ್ಚಿ ತಿಂದ್ರು. ಹೂಂ, ಊಹೂಂದಾಗ ಎಲ್ಲಾ ಚಂದ ನಡೆದಿತ್ತು. ಕಡೀಗೆ ಹುಡುಗನ ಅಪ್ಪ, "ಮಗಳ ಬಗ್ಗೆ ನೀವೇ ಎರಡು ಮಾತು ಹೇಳ್ರಲಾ" ಅಂದ್ರು. ಇದಕ್ಕ ಹೂಂ ಅಂದ್ರ ಆಗಂಗಿಲ್ಲ. ನಮ್ಮನಿಯವ್ರು ನನ್ನ ಕಡಿ ನೋಡಿದ್ರು. ಆಮ್ಯಾಲ ಕನ್ನಡಕ ಏರಿಸಿದ್ರು. ಮುಗೀತು ಅಂದ್ಕೊಂಡೆ.

"ತಯಾರಾಗಿದ್ದು ಕರೂರಾಗ್ರಿ, ಅವರವ್ವನ ತವರಾಗ. ಬಳ್ಳಾರ್ಯಾಗ ಬೆಳೆಸೀವಿ. ಬಾಯಿ ಅವರವ್ವಂದು, ಹಟ ನಂದು. ಅಡಿಗಿ ಅಷ್ಟಕ್ಕಷ್ಟ. ಲಗೂನ ಬಿಸಿ ಆಗ್ತಾಳ, ಸ್ವಲ್ಪ ಹೊತ್ತು ಬಿಟ್ರ ತಾನಾಗೇ ತಣ್ಣಗ ಆಗ್ತಾಳ." ಇಲ್ಲೀಗೆ ಕನ್ನಡಕ ತಗದು ಕೈಯಾಗ ಹಿಡದ್ರು. "ಕೆಲವ್ರು ಟಿವಿ ನಿಂತ್ರ ಮ್ಯಾಲ ಬಡೀತಾರ್ರಿ. ನನ್ನ ಮಗಳು ಬಡದ್ರ ಸರಿ ಹೋಗಾಕಿ ಅಲ್ಲ. ದಯಮಾಡಿ ಕೈ ಮಾತ್ರ ಎತ್ತಬ್ಯಾಡ್ರಿ."

ಮಗಳನ್ನ ಮಾಲು ಮಾಡಿದ್ರಲಾ ಅಂತ ಹಲ್ಲು ಕಡೀತಿದ್ದ ನನ್ನ ಕಣ್ಣಾಗ ನೀರು ಬಂದ್ವು.

ಹುಡುಗನ ಅಪ್ಪ, "ಗ್ಯಾರಂಟಿ ಎಷ್ಟು ವರ್ಷ್ರೀ?" ಅಂದ್ರು.

"ಗ್ಯಾರಂಟಿ ಇಲ್ರಿ. ಆದ್ರ ಏನರ ಆದ್ರ ಹೇಳಿ ಕಳಿಸ್ರಿ, ಜೀವ ಇರೋತನ ನಾನ ಬರ್ತೀನಿ."

"ಎಷ್ಟೋ ಮನಿ ನೋಡಿ ಬಂದೀವ್ರಿ" ಅಂದ್ರು ಅವ್ರು. "ಎಲ್ಲಾರೂ ನಮ್ಮ ಹುಡುಗಿ ಜಪಾನ್ ಅಂದವ್ರ. ಒಳಗ ಏನೈತಿ ಅಂತ ಹೇಳಿದವ್ರು ನೀವೊಬ್ರ. ನಮಗ ಒಪ್ಪಿಗಿ."

ನಾನು ಉಸಿರು ಬಿಡೋದ್ರೊಳಗ ಬಾಗಿಲ ಹಿಂದಿಂದ ಮಗಳ ದನಿ ಬಂತು. "ಅಪ್ಪಾ, ನಂದೆಲ್ಲಾ ಹೇಳಿದ್ರಿ. ಅವರ ಮಾಲಿಂದೂ ಕೇಳ್ರಿ!"

ಹುಡುಗ ಕೆಂಪಗಾದ. ಹುಡುಗನ ಅವ್ವ ಸೆರಗು ಸರಿ ಮಾಡ್ಕೊಂಡು ಮುಂದ ಬಂದು ಕುಂತ್ರು.

"ಅಪ್ಪಟ ಕುರುಗೋಡಿನ ಮಾಲು ಐತಿ ತಂಗಿ. ನೋಡಾಕ ಚಂದ, ಮುಂಜಾನಿ ಲಗೂ ಚಾಲೂ ಆಗಂಗಿಲ್ಲ, ಮಲಗಿದ್ರ ಸೌಂಡು ಜಾಸ್ತಿ. ಚಂದಾಗಿ ನೋಡಿ ತಗೋವಾ. ಒಮ್ಮೆ ಕೊಟ್ಟಮ್ಯಾಲ ನಾನು ಮಾತ್ರ ವಾಪಸ್ ತಗೋಳಂಗಿಲ್ಲ!"